ತೋಳಿನ ಮೇಲಿನ ಗೆರೆ

ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿ ಇಂಜಿನ್ನು ಬದಲಿಸುವ ಹೊತ್ತಿಗೆ
ಗಾರ್ಡು ಪಿಂಟೋ ಇಳಿದು ಬಂದು
ನಮ್ಮ ಅಂಗಡಿಯಲ್ಲಿ ಬಿಟ್ಟುಹೋದದ್ದು
ಇಟ್ಟಿಗೆಯಂಥ ಒಂದು ಕ್ಯಾಸೆಟ್ಟು.
ಹದಿನಾಲ್ಕು ಹಾಡು, ಹಾಡಿಗೊಂದು ಉಡುಪು.
ಪ್ಯಾಂಟು ಸಡಿಲಿಸಿದ ಕೂಲಿಗೆ ಬದಲು
"ಹಾಡು ಬಿಡಿ ವಿಠೋಬರಾಯರೇ, ಬಟ್ಟೆ ನೋಡಿ" ಅಂದ.

ಆಗ ನಾನು ಕಾಜ ಹಾಕುವ ಹುಡುಗ.
ದಿನಕ್ಕೆ ಅರವತ್ತು ಕಾಜ, ಒಂದು ಬನ್ನು, ಎರಡು ಬೈಗುಳ.

ಕೊಬ್ಬರಿ ಮಂಡಿಯವರ ಮಗ ಷಡಕ್ಷರಿ
ಕಲರ್ ಟೀವಿ, ವಿಸಿಆರು ಬಾಡಿಗೆಗೆ ತಂದ.
ಇಸ್ತ್ರಿ ಮೇಜಿನ ಮೇಲೆ ಕೂರಿಸಿ
ಶಟರ್ ಅರ್ಧ ಎಳೆದೆವು.
ಅವಳು ಬಂದಳು.
ಹೆಸರು ನಮ್ಮ ಬಾಯಲ್ಲಿ ನಿಲ್ಲಲಿಲ್ಲ,
ಒಬ್ಬೊಬ್ಬರು ಒಂದೊಂದು ಥರ ಮುರಿದೆವು,
ಕೊನೆಗೆ 'ಕೋಟಿನವಳು' ಅಂತಾಯಿತು.

ಒಂಬತ್ತನೇ ಹಾಡು.
ನೀರಿಲ್ಲದ ಈಜುಕೊಳ, ಸುತ್ತ ಬಿಳೀ ಗೋಡೆ,
ನವಿಲುಕತ್ತಿನ ಬಣ್ಣದ ಕೋಟು ತೊಟ್ಟು
ಒಬ್ಬಳೇ ನಡೆಯುತ್ತಾಳೆ. ಕುಣಿಯುವುದೂ ಇಲ್ಲ.
ಸಾಲ ತೀರಿಸಿ ಬಂದವಳ ಹಾಗೆ ತೋಳು ಎತ್ತುತ್ತಾಳೆ.

"ನಿಲ್ಲಿಸು" ಅಂದರು ರಾಯರು.
ಗುಂಡಿ ಒತ್ತಿದೆ.
ಅವಳು ನಿಂತಳು, ನಿಂತಲ್ಲೇ ಸಣ್ಣಗೆ ನಡುಗಿದಳು.
ಕನ್ನಡಕ ಹಣೆಗೇರಿಸಿ, ಟೇಪು ಹಿಡಿದು
ಗಾಜಿನ ಮೇಲೇ ಅಳೆದರು ಮನುಷ್ಯ:
ಭುಜ ನಾಲ್ಕು ಬೆರಳು, ಕಾಲರು ಹೆಬ್ಬೆಟ್ಟು,
ಸೊಂಟ, "ಅದು ಬಿಡು, ನಮ್ಮವರಿಗೆ ಇಲ್ಲ."
ಗುಂಡಿ ಎಡಕ್ಕೆ, ಕಾಜ ಬಲಕ್ಕೆ.
"ಹೆಂಗಸರ ಕಟ್ಟಲ್ಲವಾ ರಾಯರೇ?"
"ಅವಳದ್ದೇ ಬೇಕು ಅಂದಮೇಲೆ ಅವಳ ಹಾಗೇ."
ಎತ್ತಿದ ತೋಳಿನಲ್ಲಿ, ಮೊಣಕೈಗೆ ಮೂರಂಗುಲ ಮೇಲೆ,
ಅಡ್ಡಕ್ಕೆ ಒಂದು ಬೆಳ್ಳಿ ಪಟ್ಟಿ.
ಅದನ್ನೂ ಬರೆದುಕೊಂಡೆ
ಸಿಗರೇಟು ಪ್ಯಾಕಿನ ಒಳಮೈಗೆ.

ಮೊದಲ ಕೋಟು ತೊಟ್ಟು ಷಡಕ್ಷರಿ
ಹರಾಜಿನ ದಿನ ಮಂಡಿಗೆ ಹೋದ.
ಬೆವೆತು ತೊಪ್ಪೆಯಾದ, ಬಿಚ್ಚಲಿಲ್ಲ.
ಆಮೇಲೆ ತಡೆಯುವವರಿಲ್ಲ.
ಬಾಣಾವರದ ಬ್ಯಾಂಡ್‌ಸೆಟ್ಟಿನ ಹನ್ನೊಂದು ಜನ ಹೊಲಿಸಿಕೊಂಡರು,
ತಿಪಟೂರಿನ ಟೈಲರು ಎರಡು ಪಟ್ಟಿ ಇಟ್ಟ,
ಕಡೂರಿನವ ತಾನೇನು ಕಡಿಮೆ ಅಂತ ಮೂರು.
ನಮ್ಮ ಹಿಂದಿನ ಬೀದಿಯ ಶಮಶಾದ್
ದುಪಟ್ಟಾದ ಜರಿ ಕತ್ತರಿಸಿ ತಮ್ಮನ ಯೂನಿಫಾರ್ಮಿಗೆ ಹೊಲಿದು
ಹೆಡ್‌ಮಾಸ್ತರರ ಕೈಲಿ ಅವನಿಗೆ ಏಟು ತಿನ್ನಿಸಿದಳು.
ಹಾಸನದಿಂದ ಬೆಳ್ಳಿ ರಿಬ್ಬನ್ನು ತರುತ್ತಿದ್ದವನು ನಾನೇ,
ಉಂಡೆಗಟ್ಟಲೆ, ಬಸ್ಸಿನ ಟಾಪಿನ ಮೇಲೆ ಹಾಕಿ.

ಕ್ಯಾಸೆಟ್ಟೋ, ಅದೇ ಜಾಗದಲ್ಲಿ ನಿಲ್ಲಿಸಿ ನಿಲ್ಲಿಸಿ
ಸವೆದು, ಸವೆದು,
ಒಂದು ದಿನ ಅವಳು ಪೂರ್ತಿ ಗೆರೆಯೇ ಆದಳು.

ಮೊನ್ನೆ ಮಗಳು ಮೊಬೈಲಿನಲ್ಲಿ ಹುಡುಕಿ ತೆಗೆದಳು,
ಹದಿನಾಲ್ಕೂ, ತೊಳೆದು ಒಣಗಿಸಿದ ಹಾಗೆ.
ಒಂಬತ್ತನೆಯದು. ಕೊಳ. ಗೋಡೆ. ಕೋಟು.
ತೋಳು ಎತ್ತಿದಳು.
ನುಣುಪು ಬಟ್ಟೆ, ಏನೂ ಇಲ್ಲ.
"ಹಿಂದಕ್ಕೆ ಹಾಕು" ಅಂದೆ. ಹಾಕಿದಳು.
"ಎಲ್ಲಿಯ ಪಟ್ಟಿ ಅಪ್ಪಾ?"

ಬಾಡಿಗೆ ಮಿಷಿನ್ನಿನ ಗೆರೆ ಅದು.
ನಿಲ್ಲಿಸಿದಾಗಲೆಲ್ಲ ಮೂಡುತ್ತಿದ್ದದ್ದು.
ಬಿಳೀ ಗೋಡೆಯಲ್ಲಿ ಕರಗಿ
ತೋಳಿನ ಮೇಲಷ್ಟೇ ಉಳಿದಿತ್ತು.
ರಾಯರಿಗೆ ಹೇಳೋಣವೆಂದರೆ ರಾಯರಿಲ್ಲ.
ಇದ್ದಿದ್ದರೆ ಹೇಳುತ್ತಿದ್ದೆನೇ, ಗೊತ್ತಿಲ್ಲ.
ಮೂರು ತಾಲ್ಲೂಕು ತೊಟ್ಟದ್ದು ಅವಳು ತೊಡದೇ ಇದ್ದದ್ದನ್ನು.

ಗುರುವಾರ ಷಡಕ್ಷರಿ ಬಂದ, ಕೋಲೂರಿಕೊಂಡು,
ಕವರಿನಲ್ಲಿ ಅದೇ ಕೋಟು.
"ಮೊಮ್ಮಗನಿಗೆ ಚಿಕ್ಕದು ಮಾಡು, ಸ್ಕೂಲ್ ಡೇ ಇದೆ.
ಪಟ್ಟಿ ಕಿತ್ತುಬಂದಿದೆ ನೋಡು,
ಅದೇ ಜಾಗಕ್ಕೆ ಬರಬೇಕು ಮತ್ತೆ, ಅವಳಿಗಿದ್ದ ಹಾಗೆ."
ಹೂಂ ಅಂದೆ.
ಅಳತೆಯನ್ನೇನೂ ಮರೆತಿರಲಿಲ್ಲ, ಮೂರಂಗುಲ.

ರಾಯರು ಹೊಲಿದದ್ದು ನೇರ, ಅಡಿಕೋಲಿಟ್ಟ ಹಾಗೆ.
ಪರದೆಯ ಮೇಲೆ ಅದು ಎಂದೂ ನೇರ ನಿಂತದ್ದಿಲ್ಲ.
ಮಿಷಿನ್ನು ಬಿಟ್ಟು, ಕೈಸೂಜಿ ಹಿಡಿದು
ಚೂರು ನಡುಗಿಸಿ ಹೊಲಿದೆ.