ಕೊಂಬು

ನಮ್ಮ ಕಡೆ ತೋಡಿಗೆ ಅಡ್ಡ ಹಾಕಿದ ಮರಕ್ಕೆ ಪಾಲ ಅನ್ನುತ್ತಾರೆ.
ಬೆಂಗಳೂರಿನಲ್ಲಿ ಮಾರ್ಚ್ ತಿಂಗಳು ಹಂಚುವುದಕ್ಕೆ ಪಾಲು.
ಬರೆಯುವಾಗ ಒಂದೇ ಕೊಂಬಿನ ವ್ಯತ್ಯಾಸ.
ಆ ಕೊಂಬು ಹುಡುಕುತ್ತ ನನಗೆ ಒಂಬತ್ತು ವರ್ಷ.

ಮೊದಲ ಸಲ ಅಳೆಯಲು ಹೋದಾಗ ನನ್ನ ಬೂಟು ಹೊಸದು.
ಟೇಪಿನ ಸೊನ್ನೆಯ ತುದಿ ಹಿಡಿದು ಬೊಳಕ
ಬೈನೆ ಮರದ ಮೇಲೆ ಬೆಕ್ಕಿನ ಹಾಗೆ ಆಚೆ ದಡಕ್ಕೆ ಹೋದ.
ನಾನು ಈಚೆಯೇ ಉಳಿದೆ.
ಹನ್ನೊಂದು ಮೀಟರ್.
‘ಎಷ್ಟಾಗ್ತದೆ ಅಮ್ಮಾ?’
‘ಹದಿನೆಂಟು ಲಕ್ಷ.’
ಅವನು ನೀರನ್ನು ನೋಡಿದ, ನನ್ನನ್ನು ನೋಡಿದ,
ಇಬ್ಬರಲ್ಲಿ ಯಾರನ್ನು ನಂಬಬೇಕೆಂದು ತಿಳಿಯದವನ ಹಾಗೆ.

ಅವನ ಎಸ್ಟಿಮೇಟು ಬೇರೆ:
ಬೈನೆ ಮರ ಒಂದು, ಆಳು ಆರು, ಅರ್ಧ ದಿನ,
ಕಟ್ಟಲು ಕಾಡುಬಳ್ಳಿ, ಬೀಡಿ ಎರಡು ಕಟ್ಟು.
ಕಕ್ಕಡಕ್ಕೆ ಮೊದಲೇ ಕಾಮಗಾರಿ ಪೂರ್ಣ.
ಅಳತೆ ಪುಸ್ತಕವಿಲ್ಲ, ಬಿಲ್ಲಿಲ್ಲ, ಆಡಿಟ್ ಆಕ್ಷೇಪಣೆಯಿಲ್ಲ.

ಕಕ್ಕಡದಲ್ಲೇ ಕೊಚ್ಚಿಹೋದದ್ದೂ ಉಂಟು, ಅದನ್ನು ಬಿಟ್ಟು ಬರೆಯಬಾರದು.
ಆರನೇ ವರ್ಷ, ರಾತ್ರಿ, ಆಚೆ ದಡದಲ್ಲಿ ಹೆರಿಗೆ ನೋವು.
ಈಚೆ ದಡದಲ್ಲಿ ಸೈದಾಲಿಯ ಜೀಪು.
ಅವನಿಂದ ಆದದ್ದು ಇಷ್ಟೇ:
ಮೂತಿ ತಿರುಗಿಸಿ ಹೆಡ್‌ಲೈಟು ಹಾಕಿ
ಬ್ಯಾಟರಿ ಸಾಯುವ ತನಕ ಬೆಳಕು ದಾಟಿಸಿದ.

ಫೈಲು ವಿರಾಜಪೇಟೆಯಿಂದ ಮಡಿಕೇರಿಗೆ,
ಮಡಿಕೇರಿಯಿಂದ ಮೈಸೂರಿಗೆ, ಅಲ್ಲಿಂದ ಬೆಂಗಳೂರಿಗೆ.
ತೋಡಿನ ನೀರಿಗೂ ಹೆಚ್ಚುಕಡಿಮೆ ಅದೇ ದಾರಿ:
ಲಕ್ಷ್ಮಣತೀರ್ಥ, ಕನ್ನಂಬಾಡಿ, ಪೈಪು,
ಕೊನೆಗೆ ಯಾವುದೋ ಇಲಾಖೆಯ ಮೂರನೇ ಮಹಡಿಯ ನಲ್ಲಿ.
ನೀರು ಬೇಗ ತಲುಪುತ್ತದೆ.
ಫೈಲಿನ ಮೇಲೆ ಲೋಟ ಇಟ್ಟ ಉಂಗುರದ ಕಲೆ
ನಮ್ಮ ತೋಡಿನದೇ ಇರಬಹುದು.

ಬಜೆಟ್ಟಿನ ದಿನ ಆಫೀಸಿನಲ್ಲಿ ಮೊಬೈಲು ಒರಗಿಸಿ ಕೂರುತ್ತೇವೆ.
ಸುರಂಗಕ್ಕೆ ಇಷ್ಟು ಸಾವಿರ ಕೋಟಿ: ಅಲ್ಲಿ ಮೇಜು ಕುಟ್ಟುವ ಸದ್ದು.
ನಮ್ಮಲ್ಲಿ ಕುಟ್ಟಿದರೆ ತಡೆಯುವ ಮೇಜಿಲ್ಲ.
ರಾತ್ರಿ ನಾನೊಬ್ಬಳೇ ಪುಟ ಸರಿಸುತ್ತೇನೆ,
ಐದು ಸೊನ್ನೆ ಐದು ನಾಲ್ಕು, ರಸ್ತೆ ಮತ್ತು ಸೇತುವೆಗಳು,
ಅದರ ಕೆಳಗೆ, ಅದರ ಕೆಳಗೆ, ಇತರೆ.
‘ಈ ಇತರೆ ಅನ್ನುವ ಊರು ಯಾವ ತಾಲೂಕಿನಲ್ಲಿದೆ?
ಪ್ರತಿ ವರ್ಷ ದುಡ್ಡೆಲ್ಲ ಅಲ್ಲಿಗೇ ಹೋಗ್ತದಲ್ಲ,’
ಅಂದರು ಪಂಚಾಯಿತಿಯ ಉತ್ತಯ್ಯ. ನಗಲಿಲ್ಲ.

ದರಪಟ್ಟಿ ಬದಲಾಯಿತು. ಹದಿನೆಂಟು ಇಪ್ಪತ್ತಾರಾಯಿತು,
ಇಪ್ಪತ್ತಾರು ನಲವತ್ತೊಂದು.
ತೋಡೂ ಸುಮ್ಮನಿರಲಿಲ್ಲ,
ದಡ ಜರಿದು ತಾನೂ ಪರಿಷ್ಕರಿಸಿಕೊಂಡಿತು.

ಈ ವರ್ಷ ಹೆಸರು ಬಂತು!
ಕೊಕ್ಕೆತೋಡು, ಕಾಲುಸೇತುವೆ, ಒಂದು ಲಕ್ಷ.
‘ಟೋಕನ್ ಅಷ್ಟೇ,’ ಅಂದರು ಸಾಹೇಬರು,
‘ಬಸ್ಸಿನ ಸೀಟಿಗೆ ಟವೆಲು ಹಾಕಿದ ಹಾಗೆ.’
ಬಸ್ಸು ಯಾವಾಗ ಹೊರಡುತ್ತದೆಂದು ನಾನು ಕೇಳಲಿಲ್ಲ.
ಹೊಸದಾಗಿ ಅಳೆದು ಕಳಿಸಿ, ಅಂದರು.

ಹೋದೆ. ಬೊಳಕನಿಗೆ ಮಂಡಿ ಬಗ್ಗುವುದಿಲ್ಲ,
ಕಲ್ಲಿನ ಮೇಲೆ ಕೂತು ಉಸ್ತುವಾರಿ.
‘ಬೂಟು ಬಿಚ್ಚಿ,’ ಅಂದ, ‘ನೀರು ನೋಡಬೇಡಿ, ಮರ ನೋಡಿ.’
ಸೊನ್ನೆಯ ತುದಿ ಹಲ್ಲಿನಲ್ಲಿ ಕಚ್ಚಿ
ಕೈ ಎರಡೂ ಗಾಳಿಗೆ ಕೊಟ್ಟು
ಮೊದಲ ಬಾರಿ ನಾನೇ ದಾಟಿದೆ.
ನಡುವೆ ಮರ ಒಮ್ಮೆ ಉಸಿರು ತೆಗೆದುಕೊಂಡಂತೆ ತಗ್ಗಿತು.
ಅವನ ಮೊಮ್ಮಗಳು ಅಮ್ಮಿಣಿ ದಿನಾ ಬ್ಯಾಗು ಹೊತ್ತು ದಾಟುವ ಮರ.

ಆಚೆಯಿಂದ ಅವಳೇ ಓದಿದಳು, ಐದನೇ ಕ್ಲಾಸಿನ ದನಿ ಏರಿಸಿ:
‘ಹದಿನಾಲ್ಕು!’ ಆಮೇಲೆ ಇನ್ನೇನೋ.
ನೀರಿನ ಸದ್ದು ಸೆಂಟಿಮೀಟರುಗಳನ್ನು ತಿಂದಿತು.
‘ಇನ್ನೊಮ್ಮೆ ಹೇಳು.’
‘ಇಪ್ಪತ್ತು!’

ಪುಸ್ತಕದಲ್ಲಿ ಹದಿನಾಲ್ಕು ಮುಕ್ಕಾಲು ಎಂದು ಬರೆದೆ.
ಅರ್ಧ ಮೀಟರಿಗಿಂತ ಚೂರು ಹೆಚ್ಚು,
ಮುಂದಿನ ಮಳೆಗೆ ಬೇಕಾಗುತ್ತದೆ.