ಜಾವಗಲ್ಲಿನಲ್ಲಿ ಹತ್ತು ನಿಮಿಷ

ಅರಸೀಕೆರೆಯಿಂದ ಹೊರಟ ಬಸ್ಸು ಜಾವಗಲ್ಲಿನಲ್ಲಿ ನಿಂತಾಗ
ಕಂಡಕ್ಟರು ಹೇಳಿದ್ದು ಹತ್ತೇ ನಿಮಿಷ.
ಕಂಕುಳಲ್ಲಿ ಬೇಲೂರಿನ ಮದುವೆಗೆಂದು ಕೊಂಡ ಗೋಡೆ ಗಡಿಯಾರ,
ಹೂವಿನ ಕಾಗದ ಸುತ್ತಿದ್ದು,
ಸೀಟಿನಲ್ಲಿ ಬಿಟ್ಟಿಳಿಯಲು ಧೈರ್ಯವಾಗಲಿಲ್ಲ.

ಚಾ ಅಂಗಡಿಯ ಹಿಂದೆ ಹುಣಸೆ ಮರ, ಅದರಡಿ ತಗಡಿನ ಶೆಡ್ಡು.
ಉಚ್ಚೆಗೆ ಜಾಗ ಹುಡುಕಿ ಹೋದವನು ನಾನು,
ಸುಳ್ಳೇಕೆ.

ಬಾಗಿಲಿಲ್ಲ, ಗೋಣಿಯ ಪರದೆ. ಸರಿಸಿದರೆ
ಕತ್ತಲಲ್ಲಿ ಸಾಲಾಗಿ ಕೂತಿದ್ದವು
ಎರಡೆರಡು ಗಾಲಿ ಹೊತ್ತೂ ಎಲ್ಲಿಗೂ ಹೋಗದವು.

ಎಣಿಸಿದೆ, ಹನ್ನೊಂದು.
ಒಂದರ ಹಿತ್ತಾಳೆ ಬಿಲ್ಲೆಯಲ್ಲಿ ಯಾವುದೋ ಸೀಮೆಯ ಊರು,
ಅರ್ಧ ಸವೆದ ಇಂಗ್ಲಿಷ್;
ಕೆಳಗೆ ಸುಣ್ಣದಲ್ಲಿ: ಕಣಕಟ್ಟೆ ಹಿಟ್ಟಿನ ಗಿರಣಿ.
ಪಕ್ಕದ್ದಕ್ಕೆ: ಟೂರಿಂಗ್ ಟಾಕೀಸು, ಬಾಣಾವರ.
ಮೂಲೆಯದಕ್ಕೆ ಬರೀ
ಗೊತ್ತಿಲ್ಲ.

"ಚಪ್ಪಲಿ ಬಿಡಿ."
ಬೆಚ್ಚಿ ಬಿಟ್ಟೆ.
"ಭಕ್ತಿಗಲ್ಲ. ಎಣ್ಣೆ ಚೆಲ್ಲಿದೆ, ಜಾರ್ತೀರಿ."

ಕಾಳಾಚಾರ್ ಎದ್ದು ಬಂದರು. ಬಲಗೈ ಮಣಿಕಟ್ಟು ಸೊಟ್ಟ:
ಬಾಣಾವರದ್ದು ಒದ್ದದ್ದಂತೆ,
ಹ್ಯಾಂಡಲು ತಿರುಗಿಬಿದ್ದ ರಾತ್ರಿ,
ಹೀರೋ ಇನ್ನೂ ಜೈಲಿನಲ್ಲಿದ್ದನಂತೆ, ಪರದೆ ಕಪ್ಪಾಯಿತಂತೆ,
ಜನ ಟಿಕೆಟ್ಟಿನ ದುಡ್ಡು ವಾಪಸ್ ಕೇಳಿದರಂತೆ.

ಎಷ್ಟು ವರ್ಷದ ಸಂಗ್ರಹ ಇದು, ಎಂದೆ.
"ಸಂಗ್ರಹ ಅಲ್ಲ ಸ್ವಾಮಿ, ಬಾಕಿ.
ಕರೆಂಟು ಬಂತು, ಮೋಟ್ರು ಬಂತು.
ರಿಪೇರಿ ಕೂಲಿ ಕೊಡದವರೆಲ್ಲ
ಕೊನೆಗೆ ಇಂಜಿನ್ನೇ ತಂದು ಇಳಿಸಿದರು."

ಕಣಕಟ್ಟೆಯದಕ್ಕೆ ಒಂದು ಲೋಟ ಡೀಸೆಲ್ಲು ಹುಯ್ದರು.
"ಈ ಕಿವಿ ಹಿಡ್ಕಳಿ. ಅಂದಾಗ ಬಿಡಿ."
ಹಿಡಿದೆ. ಗಡಿಯಾರ ಇನ್ನೊಂದು ಕೈಯಲ್ಲಿ.
ಸೊಟ್ಟ ಕೈಯಿಂದಲೇ ತಿರುಗಿಸಿದರು, ಒಂದು, ಎರಡು,
ಉಸಿರಿಲ್ಲದ ಲೋಹದ ನುಂಗಲು ಸದ್ದು,
ಆರನೆಯದಕ್ಕೆ "ಬಿಡಿ!"

ಢಕ್.
ನೆಲ ನನ್ನ ಹಲ್ಲಿಗೆ ಬಂತು.
ಹೊಗೆಕೊಳವೆಯ ಬಾಯಿಗೆ ಕಟ್ಟಿದ ಬೇಳೆ ಡಬ್ಬ
ಕೂಕ್, ಕೂಕ್, ಕೂಕ್ ಎಂದು ಕೂಗತೊಡಗಿತು,
ಗಿರಣಿ ಶುರುವಾಗಿದೆ ಎಂದು ಮೂರು ಹಳ್ಳಿಗೆ ತಿಳಿಯಲು
ಹಿಂದೆ ಯಾರೋ ಕಟ್ಟಿದ್ದು, ಯಾರೂ ಬಿಚ್ಚಿರಲಿಲ್ಲ.

ಪರದೆ ಸರಿಯಿತು. ಚಾ ಅಂಗಡಿಯ ಮುದುಕಿ,
ಕೈಯಲ್ಲಿ ಸೌಟು:
"ರಾಗಿ ತರ್ಲಾ?"
ಕೇಳಿ ತಾನೇ ನಕ್ಕಳು. ಹೋಗಲಿಲ್ಲ. ನಿಂತು ನೋಡಿದಳು.

ಬಸ್ಸು ಹಾರನ್ ಹೊಡೆದಿರಬೇಕು.
ಹೊಡೆದಿರಲೇಬೇಕು.

ಲೋಟದ ಡೀಸೆಲ್ಲು ಮುಗಿದ ಮೇಲೂ ಗಾಲಿ ಸುಮಾರು ಹೊತ್ತು ತಿರುಗಿತು,
ಮಾತು ಮುಗಿದರೂ ತಲೆಯಾಡಿಸುವವರ ಹಾಗೆ.
ನಿಂತಿತು.
ಕಾಳಾಚಾರ್ ಕಿವಿ ವಾಲಿಸಿದರು ನನ್ನ ಕಂಕುಳಿಗೆ:
"ನಿಮ್ಮದು ಓಡ್ತಾ ಇದೆ.
ಒಂದು ಹಲ್ಲು ತಪ್ತಿದೆ."

ಮೂರು ಗಂಟೆಯ ಬಸ್ಸು ಹತ್ತಿದೆ. ಧಾರೆ ಮುಗಿದಿತ್ತು,
ಕೊನೆಯ ಪಂಕ್ತಿಯಲ್ಲಿ ತಣ್ಣಗಿನ ಸಾರು ಉಂಡೆ.
ಹೂವಿನ ಕಾಗದದ ಮೇಲೆ ಕರಿ ಹೆಬ್ಬೆಟ್ಟು;
ಮದುಮಗಳು ನೋಡಿದಳು, ಏನೂ ಅನ್ನಲಿಲ್ಲ.

ವಾರದ ಮೇಲೆ ಅವಳ ತಂದೆಯ ಫೋನು:
ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳ್ತದಲ್ಲ,
ಅಂಗಡಿಯ ರಶೀದಿ ಇದೆಯಾ?

ರಶೀದಿ ಇಲ್ಲ ಎಂದೆ.
ಜಾವಗಲ್ಲಿನಲ್ಲಿ ಒಬ್ಬರಿದ್ದಾರೆ ಎಂದೆ.