ಮೂರಂಕಿ

ಉದ್ಯಮಬಾಗದ ಮೂರನೇ ಅಡ್ಡರಸ್ತಿ,
ಪತ್ರಾಸಿನ ಕೆಳಗ ಎರಡು ಲೇಥು, ಒಂದು ಡ್ರಿಲ್ಲು.
ಬೋರ್ಡಿನ ಮ್ಯಾಲ ಚೌಗುಲೆ ಇಂಜಿನಿಯರಿಂಗ್ ಅಂತ ಐತಿ.
ಚೌಗುಲೆ ಅಂದರ ನಾನು, ಭರತೇಶ.
ಇಂಜಿನಿಯರಿಂಗ್ ಅಂದರ ನಾನು, ಮತ್ತ ದಸ್ತಗೀರ.

ಕೂದಲೆಳಿ ಎಷ್ಟು ದಪ್ಪ ಅಂತ ನನ್ನ ಕೇಳ್ರಿ.
ಪಂಪಿನ ಶಾಫ್ಟಿನ ಮ್ಯಾಲ ಉಗುರು ಆಡಿಸಿ ಹೇಳತೀನಿ,
ಎರಡು ಪಾಯಿಂಟ್ ಹೆಚ್ಚಾತು, ಇನ್ನೊಂದು ಕಟ್ ಹಿಡಿ ಅಂತ.
ನನ್ನ ಅಳದವರು ಬ್ಯಾರೆ.

ಹಳೇ ಸಿಎನ್‌ಸಿ ಒಂದು ಕೊಳ್ಳೂಣಂತ ಬ್ಯಾಂಕಿಗಿ ಹೋಗಿದ್ದೆ.
ಮ್ಯಾನೇಜರ್ ಹುಡುಗಿ ಕಂಪ್ಯೂಟರಿನ ಮಾರಿ ನನ್ನ ಕಡೆ ತಿರುವಿದಳು.
"ಐನೂರಾ ನಲವತ್ತೊಂಬತ್ತು,"
ದವಾಖಾನ್ಯಾಗ ಹೇಳತಾರಲ್ಲ, ಆ ದನಿಯೊಳಗ.
ಎಷ್ಟಿರಬೇಕ್ರಿ?
"ಏಳನೂರಾ ಐವತ್ತಾದರೂ."
ಎರಡನೂರಾ ಒಂದು ಕಡಿಮಿ.
ನಮ್ಮಲ್ಲಿ ಅಷ್ಟು ಕಡಿಮಿ ಬಿದ್ದ ಮಾಲು
ಸೀದಾ ಭಟ್ಟಿಗಿ ಹೋಗತೈತಿ.

ಆಗಿದ್ದು ಹಿಂಗ.
ಮಚ್ಛೆಯ ಫೌಂಡ್ರಿಯವ ಒಬ್ಬ ಕಾಸ್ಟಿಂಗ್ ಕೊಟ್ಟ,
ಬಿಲ್ಲಿನ ಬುಡಕ್ಕ ತೆರಿಗಿ ಬರದ,
ನಾನು ಪೈಸೆಕ್ಕ ಪೈಸೆ ಕೊಟ್ಟೆ.
ಅವ ಅದನ್ನ ಸರಕಾರಕ್ಕ ಮುಟ್ಟಿಸಲಿಲ್ಲ, ಶಟರ್ ಎಳದು ಹೋದ.
ಆ ಶಟರಿನ ಮ್ಯಾಲ ಈಗ ಟ್ಯೂಷನ್ ಕ್ಲಾಸಿನ ಜಾಹೀರಾತು.
ಸರಕಾರ ನನ್ನ ಕೇಳತು. ಕೇಳಿದ್ದು ಪೋರ್ಟಲ್ಲಿನ್ಯಾಗ.
ಅಲ್ಲಿ ಬಾಗಲಾ ಬಡದರ ಯಾರಿಗಿ ಕೇಳಬೇಕು?
ಲೇಥು ತಿರುಗೂಮುಂದ ನನಗ ಮನಿಯವಳ ಫೋನೂ ಕೇಳೂದಿಲ್ಲ.

ನಾಲ್ಕು ಲಕ್ಷ ಹನ್ನೆರಡು ಸಾವಿರ, ಬಡ್ಡಿ ದಂಡ ಸೇರಿ.
ಖಾತೆ ಹಿಡದರು.
ಮಷೀನಿನ ಕಂತು ಮೂರು ತಿಂಗಳು
ಮೂರು ಸಲ ಹೋಗಿ ಬರಿಗೈಲೆ ತಿರುಗಿ ಬಂತು.
ರೊಕ್ಕ ಇತ್ತ್ರಿ. ಅದೇ ಖಾತ್ಯಾಗ ಇತ್ತು,
ಗಾಜಿನ ಕಪಾಟಿನೊಳಗಿನ ಕುಂದಾದಂಗ
ಕಾಣತಿತ್ತು, ಕೈಗಿ ಬರತಿರಲಿಲ್ಲ.

ವಡಗಾವಿಯ ಆಡಿಟರ್ ಬಾಯಾರು ಓಡಾಡಿ
ಇಪ್ಪತ್ನಾಲ್ಕು ಕಂತು ಮಾಡಿಸಿದರು.
ತಿಂಗಳಿಗಿ ಹದಿನೇಳು ಸಾವಿರದ ನೂರಾ ಅರವತ್ತೇಳು.
ಮೊದಲನೇದು ತುಂಬಿದ ಮ್ಯಾಲ ಖಾತೆ ಬಿಟ್ಟರು.
ಅಂಕಿ ಬಿಡಲಿಲ್ಲ.
ಐದು ಏರತೈತಿ. ಸಾಲ ಕೊಡತೀರೇನು ಅಂತ ಎಲ್ಲೆರೆ ಕೇಳಿದರ
ಕೇಳಿದ್ದಕ್ಕೇ ನಾಲ್ಕು ಇಳೀತೈತಿ.

ವರದಿಯ ನಾಲ್ಕನೇ ಪುಟದಾಗ ಒಂದು ಮೋಟರ್‌ಸೈಕಲ್ ಸಾಲ.
ನನ್ನದಲ್ಲ. ನಾನು ಪೀರಣವಾಡಿಯಿಂದ ಬಸ್ಸಿಗಿ ಬರಾವ.
ನಿಪ್ಪಾಣಿ ಕಡೆ ಇನ್ನೊಬ್ಬ ಭರತೇಶ ಚೌಗುಲೆ ಅದಾನಂತ,
ಮೂವತ್ತಾರು ಕಂತು, ಒಂದೂ ತಪ್ಪಿಲ್ಲ,
ನನ್ನ ಕೆಂಪಿನ ನಡುವ ಅವಂದು ಒಂದು ಸಾಲು ಹಸಿರು.
"ಇರಲಿ ಬಿಡ್ರಿ, ನಿಮಗ ಅನುಕೂಲ," ಅಂದರು ಬಾಯಾರು.
ದಸ್ತಗೀರ ನಕ್ಕ. "ಯಾರೋ ಪುಣ್ಯಾತ್ಮ
ನಿಮ್ಮ ಹೆಸರಲೆ ಕಟ್ಟಾಕತ್ಯಾನ, ಮಾಲಕ್ರ."

ಎರಡು ರಾತ್ರಿ ಇಟಗೊಂಡೆ ಅವನ್ನ.
ಮೂರನೇ ದಿನ ತಕರಾರು ಅರ್ಜಿ ತುಂಬಿದೆ.
ಅವ ಎಂದರ ಸಾಲ ಕೇಳಾಕ ಹೋದಾಗ
ಅವನ ಪುಟದಾಗ ನನ್ನ ಮೂರು ಕೆಂಪು ಚೌಕ ಇದ್ದರ?

ನಿನ್ನೆ ನೋಡಿದೆ. ಹನ್ನೊಂದು ಇಳದೈತಿ.
ಐನೂರಾ ಅರವತ್ತೆರಡಿತ್ತು, ಈಗ ಐವತ್ತೊಂದು.
ಇಪ್ಪತ್ತನೇ ತಾರೀಖಿಗಿ ಒಂಬತ್ತನೇ ಕಂತು.
ಫೋನ್ ಅಂಗಿ ಕಿಸೆದಾಗ ಹಾಕ್ಕೊಂಡು
ಲೇಥು ಚಾಲೂ ಮಾಡಿದೆ.
ಶಾಫ್ಟ್ ಕಟ್ಟಿ, ಉಗುರು ಆಡಿಸಿದೆ.
ಇನ್ನೂ ನಾಲ್ಕು ಪಾಯಿಂಟ್ ತಗೀಬೇಕು,
ಒಮ್ಮಿಗೇ ಅಲ್ಲ.